ಖಾನಾವಳಿಯ ಬಾಗಿಲಿಗೆ ಬಿಳಿ ಗೆರೆ

ಶಿವಲಿಂಗಪ್ಪನವರು ಯಾರಿಗಾದರೂ ಸಹಾಯ ಮಾಡಬೇಕೆಂದು ಮನಸ್ಸು ಮಾಡಿದ ಮೇಲೆ ಆ ಯಾರಾದರೂ ತಪ್ಪಿಸಿಕೊಂಡ ಉದಾಹರಣೆ ಕೆನಡಾದ ಟೊರಾಂಟೊ ಪಕ್ಕದ ಮಾರ್ಕಮಿನ ಕನ್ನಡಿಗರ ಚರಿತ್ರೆಯಲ್ಲಿ ಇಲ್ಲ. ನಮ್ಮ ಬಳಗದ ಕಾರ್ಯದರ್ಶಿ ರಘುನಾಥನ ಮನೆಯನ್ನು ಬೆಚ್ಚಗಿಡುವ ಫರ್ನೇಸು ಸ್ವಲ್ಪ ಸದ್ದು ಮಾಡುತ್ತದೆ ಎಂದು ಕೇಳಿ ಸ್ಪ್ಯಾನರು ಹಿಡಿದು ಹೋದವರು ಇವರೇ. ಆ ರಾತ್ರಿ ಸದ್ದು ಪೂರ್ತಿ ನಿಂತಿತು; ರಘುನಾಥ ಹೆಂಡತಿ ಮಕ್ಕಳೊಂದಿಗೆ ಜನವರಿಯ ಚಳಿಯಲ್ಲಿ ಹೋಟೆಲಿಗೆ ಹೋಗಿ ಮಲಗಿದ. ಆದರೂ ಅವರ ಮೇಲೆ ಯಾರಿಗೂ ಕೋಪ ನಿಲ್ಲುವುದಿಲ್ಲ. ಎಪ್ಪತ್ತರ ದಶಕದಲ್ಲಿ ಬಂದ ಹಿರಿಯರು. ಯಾರ ಮನೆಯಲ್ಲಿ ಸಾವು ನೋವಾದರೂ ಮೊದಲು ಬಂದು ನಿಲ್ಲುತ್ತಾರೆ, ಎಲ್ಲರಿಗಿಂತ ಕೊನೆಗೆ ಹೋಗುತ್ತಾರೆ. ನಡುವೆ ಏನಾದರೂ ಒಂದನ್ನು ಮುರಿಯುತ್ತಾರೆ, ಅಷ್ಟೆ.

ಈ ದೇಶಕ್ಕೆ ಬರುವ ಮುಂಚೆ ಅವರು ಹುಬ್ಬಳ್ಳಿ ಕಡೆಯ ಒಂದು ಪುರಸಭೆಯಲ್ಲಿ ಎರಡು ವರ್ಷ ನೈರ್ಮಲ್ಯದ ಕೆಲಸ ನೋಡಿಕೊಂಡಿದ್ದರು. ಆಮೇಲೆ ಮೂವತ್ತು ವರ್ಷ ಇಲ್ಲಿ ಏರ್ ಕಂಡೀಷನಿನ ತಗಡಿನ ಕೊಳವೆ ಜೋಡಿಸಿದರು. ನಿವೃತ್ತಿಯಾದ ಮೇಲೆ ಮೂವತ್ತು ವರ್ಷವೂ ಮರೆತುಹೋಗಿ ಆ ಎರಡು ವರ್ಷ ಮಾತ್ರ ಉಳಿದುಕೊಂಡಿತು.

೨೦೦೩ರ ವಸಂತದಲ್ಲಿ ಚೀನಾ ಕಡೆಯಿಂದ ಸಾರ್ಸ್ ಎಂಬ ಅಂಟುರೋಗ ಬಂತು. ಟೊರಾಂಟೊದ ಆಸ್ಪತ್ರೆಗಳಲ್ಲಿ ಜನ ಸಾಯತೊಡಗಿದರು, ಅವರನ್ನು ನೋಡಿಕೊಂಡ ನರ್ಸುಗಳೂ ಮಲಗಿದರು. ಟೀವಿ ಹಚ್ಚಿದರೆ ಮಾಸ್ಕು, ಪೇಪರು ಬಿಡಿಸಿದರೆ ಮಾಸ್ಕು. ಬಸ್ಸಿನಲ್ಲಿ ಒಬ್ಬ ಸೀನಿದರೆ ಅರ್ಧ ಬಸ್ಸು ಮುಂದಿನ ಸ್ಟಾಪಿನಲ್ಲಿ ಇಳಿಯುತ್ತಿತ್ತು. ಮನೆಮನೆಯಲ್ಲಿ ಶುಂಠಿ, ಮೆಣಸು, ತುಳಸಿ ಕುದಿಯುತ್ತಿತ್ತು. ಇಂಥ ಹೊತ್ತಿನಲ್ಲಿ ಶಿವಲಿಂಗಪ್ಪನವರೊಬ್ಬರೇ ಇದ್ದಕ್ಕಿದ್ದಂತೆ ಹತ್ತು ವರ್ಷ ಚಿಕ್ಕವರಾಗಿ ಓಡಾಡಿದರು.

"ನಾ ಕಾಲರಾ ನಿಲ್ಲಿಸಿದಾಂವ ರೀ. ನನ್ನ ಮುಂದ ಈ ಸಾರ್ಸ್ ಏನ್ ಲೆಕ್ಕ?" ಎಂದು ಸಿಕ್ಕಸಿಕ್ಕವರಿಗೆ ಹೇಳಿದರು. ಆ ಊರಿನಲ್ಲಿ ಕಾಲರಾ ತಾನಾಗಿಯೇ ನಿಂತಿತೋ, ಇವರು ಕೆನಡಾಕ್ಕೆ ಹೊರಟದ್ದು ಕೇಳಿ ನಿಂತಿತೋ, ವಿಚಾರಿಸುವಷ್ಟು ಧೈರ್ಯ ನಮಗಿರಲಿಲ್ಲ.

ಅವರ ಕಣ್ಣು ಬಿದ್ದದ್ದು ರಾಜೇಶ್ವರಿಯ ಖಾನಾವಳಿಯ ಮೇಲೆ. ರಾಜೇಶ್ವರಿ ಗದಗಿನ ಕಡೆಯವಳು. ಗಂಡ ತೀರಿಕೊಂಡ ಮೇಲೆ ಅತ್ತೆ ಈರವ್ವನನ್ನು ಜೊತೆಗಿಟ್ಟುಕೊಂಡು ಸಾಲಂಗಡಿಗಳ ಒಂದು ಸಣ್ಣ ಪ್ಲಾಜಾದಲ್ಲಿ, ಮಿಸೆಸ್ ವಾಂಗ್ ಎಂಬ ಚೀನೀ ಹೆಂಗಸಿನ ಬೇಕರಿಯ ಪಕ್ಕ, ಜೋಳದ ರೊಟ್ಟಿಯ ಖಾನಾವಳಿ ಇಟ್ಟಿದ್ದಳು. ಅತ್ತೆ ಬಡಿಯುವುದು, ಸೊಸೆ ಬಡಿಸುವುದು. ಮಾರ್ಚಿ ಕೊನೆಗೆ ಮಿಸೆಸ್ ವಾಂಗಳ ತಮ್ಮನ ಮಗನಿಗೆ ಆರೋಗ್ಯ ಇಲಾಖೆಯವರು ಮನೆಯಲ್ಲೇ ಇರಲು ಹೇಳಿದ್ದಾರಂತೆ ಎಂಬ ಸುದ್ದಿ ಹಬ್ಬಿತು. ಬೇಕರಿ ಖಾಲಿಯಾಯಿತು. ಬೇಕರಿಯ ಗೋಡೆಗೆ ಖಾನಾವಳಿಯ ಗೋಡೆ ಅಂಟಿಕೊಂಡಿದೆ ಎಂಬ ಕಾರಣಕ್ಕೆ ಖಾನಾವಳಿಯೂ ಖಾಲಿಯಾಯಿತು. ಎರಡು ವಾರ ರಾಜೇಶ್ವರಿ ಬಾಗಿಲು ಹಾಕಿದಳು.

ಪ್ಲಾಜಾದ ಮಾಲೀಕ ಒಳ್ಳೆಯ ಮಾತಿನಲ್ಲೇ ಹೇಳಿದ್ದ: ಏಪ್ರಿಲ್ ಕೊನೆಯ ದಿನ ಬಂದು ನೋಡುತ್ತೇನೆ. ಅಂಗಡಿ ತೆರೆದಿದ್ದು ನಾಲ್ಕು ಜನ ಊಟ ಮಾಡುತ್ತಿದ್ದರೆ ಲೀಸು ಮುಂದುವರಿಯುತ್ತದೆ. ಬೀಗ ಹಾಕಿದ್ದರೆ ಒಬ್ಬ ಹಲ್ಲಿನ ಡಾಕ್ಟರು ಆ ಜಾಗಕ್ಕೆ ಕಾದಿದ್ದಾನೆ. ಈ ಖಾನಾವಳಿ ಬಿಟ್ಟರೆ ಅತ್ತೆ ಸೊಸೆಗೆ ಬೇರೆ ದಾರಿ ಇರಲಿಲ್ಲ.

"ತಂಗೀ, ನೀ ಬಾಗಲಾ ತಗಿ. ಉಳಿದದ್ದೆಲ್ಲಾ ನನಗ ಬಿಡು," ಎಂದರು ಶಿವಲಿಂಗಪ್ಪನವರು.

ರಾಜೇಶ್ವರಿ ಹೌದೆಂದಳು. ಅವಳಿಗೆ ಫರ್ನೇಸಿನ ಕಥೆ ಗೊತ್ತಿರಲಿಲ್ಲ.

ಮರುಆರಂಭದ ದಿನ ಶಿವಲಿಂಗಪ್ಪನವರು ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕುಳಿತರು. ಔಷಧಿ ಅಂಗಡಿಗಳಲ್ಲಿ ಮಾಸ್ಕು ಮುಗಿದುಹೋಗಿತ್ತು. ಅದಕ್ಕೆ ತಗಡು ಕೊಯ್ಯುವ ಕಾಲದಲ್ಲಿ ಹಾಕುತ್ತಿದ್ದ ರಬ್ಬರಿನ ಮುಖವಾಡ ಹುಡುಕಿ ತಂದಿದ್ದರು. ಎರಡು ಕಡೆ ಎರಡು ಡಬ್ಬಿ, ಕಣ್ಣಿಗೆ ಗಾಜು, ಉಸಿರೆಳೆದರೆ ಪಂಪ್‌ಸೆಟ್ಟಿನ ಸದ್ದು. ಪಾರ್ಕಿಂಗಿಗೆ ಬಂದ ಮೊದಲ ಮೂರು ಕಾರುಗಳು ಆ ಮುಖ ನೋಡಿ ನಿಲ್ಲದೆ ಹಾಗೇ ತಿರುಗಿ ಹೋದವು.

"ನೋಡಿದೇನು? ಕಾರಿನಾಗ ಬಂದ್ ನೋಡಿ ಹೋಗಾಕತ್ತಾರ. ಸುದ್ದಿ ಮುಟ್ಟೇತಿ," ಎಂದು ಮುಖವಾಡದೊಳಗಿಂದ ಕೂಗಿದರು.

ನಾಲ್ಕನೆಯದು ಟ್ಯಾಕ್ಸಿ. ಅದರ ಸರದಾರ್ಜಿ ಡ್ರೈವರು ಹೆದರುವ ಪೈಕಿ ಅಲ್ಲ, ಹಸಿದಿದ್ದ. ಒಳಗೆ ಕುಳಿತು ರೊಟ್ಟಿ, ಎಣ್ಣೆಗಾಯಿ, ಮೇಲೆ ಈರವ್ವನ ಕೆಂಪು ಖಾರದ ಚಟ್ನಿ ಹಾಕಿಸಿಕೊಂಡ. ಈರವ್ವನ ಚಟ್ನಿ ಮೊದಲ ಸಲ ತಿಂದವನು ಏನು ಮಾಡುತ್ತಾನೋ ಅದನ್ನೇ ಮಾಡಿದ. ಕೆಮ್ಮಿದ.

ಶಿವಲಿಂಗಪ್ಪನವರು ಕುರ್ಚಿ ಉರುಳಿಸಿ ಒಳಗೆ ನುಗ್ಗಿದರು. "ಕೆಮ್ಮು! ತಂಗೀ, ಕಿಟಕಿ ತಗಿ! ಸರದಾರ್ಜಿ, ಬಾಹರ್! ಬಾಹರ್ ಚಲೋ!"

"ಅರೇ ಅಂಕಲ್‌ಜೀ, ಮಿರ್ಚಿ ಹೈ! ಮಿರ್ಚಿ!" ಎಂದು ಆತ ಕಣ್ಣೀರು ಸುರಿಸುತ್ತ ಕೂಗಿದ. ಕಣ್ಣೀರೂ ರೋಗದ ಲಕ್ಷಣವಿರಬಹುದೆಂದು ಶಿವಲಿಂಗಪ್ಪನವರು ಅವನನ್ನು ತಟ್ಟೆಯ ಸಮೇತ ಪಾರ್ಕಿಂಗ್ ಲಾಟಿಗೆ ದಾಟಿಸಿದರು. ಬೇಕರಿಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ ಮಿಸೆಸ್ ವಾಂಗ್ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಆ ಸಂಜೆ ಶಿವಲಿಂಗಪ್ಪನವರು ದೀರ್ಘವಾಗಿ ಆಲೋಚಿಸಿ, ಜನ ಕೆಮ್ಮದಂತೆ ಇನ್ನು ಮುಂದೆ ಖಾನಾವಳಿಯ ಅಡುಗೆಗೆ ಖಾರ ಹಾಕಕೂಡದು ಎಂದು ಅಪ್ಪಣೆ ಮಾಡಿದರು.

ಈರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದಳು. "ಮುನ್ಸಿಪಾಲ್ಟಿ ಸಾಹೇಬ್ರ, ಸಪ್ಪನ್ನ ಪಲ್ಯಾ ಉಂಡು ಬದುಕೂದಕಿಂತ ಆ ರೋಗನ ಬರ್ಲಿ ತಗೀರಿ."

"ಅತ್ತಿ, ಸುಮ್ನಿರ್ರಿ. ಕಾಕಾರು ನಮ್ ಸಲುವಾಗೇ ಹೇಳ್ತಾರ," ಎಂದಳು ರಾಜೇಶ್ವರಿ. ಮುಳುಗುವವರಿಗೆ ದಡದಲ್ಲಿ ನಿಂತು ಕೂಗುವವನೇ ದೇವರು. ಮಾರನೆಯ ದಿನ ರಾಜೇಶ್ವರಿಯ ಖಾನಾವಳಿಯಲ್ಲಿ ಜ್ವರ ಬಂದವರ ಪಥ್ಯದ ಊಟ ಬೆಂದಿತು. ಅದನ್ನು ಉಣ್ಣಲು ಜ್ವರ ಬಂದವರೂ ಬರಲಿಲ್ಲ.

ಶಿವಲಿಂಗಪ್ಪನವರು ಆಮೇಲೆ ಫೋನು ಹಿಡಿದರು. ನಮ್ಮ ಬಳಗದ ಒಬ್ಬೊಬ್ಬರಿಗೂ ಮಾಡಿದರು. ಬರುವುದಿಲ್ಲ ಎಂದು ಯಾರೂ ಹೇಳಲಿಲ್ಲ, ಅದು ನಮ್ಮ ಜನದ ಸ್ವಭಾವ ಅಲ್ಲ.

"ಬರ್ದೇ ಇರ್ತೀವಾ ಸಾರ್? ಖಂಡಿತ ಬರ್ತೀವಿ," ಎಂದ ರಘುನಾಥ. "ಬೇರೆಯವ್ರು ಒಂದ್ ವೀಕ್ ಹೋಗ್ಬಂದು ಊಟ ಮಾಡ್ಲಿ. ಅವ್ರಿಗೆಲ್ಲ ಏನೂ ಆಗ್ಲಿಲ್ಲ ಅಂದ್ರೆ ನಾವು ಫುಲ್ ಫ್ಯಾಮಿಲಿ ಬಂದ್ಬಿಡ್ತೀವಿ. ಸಪೋರ್ಟ್ ಮಾಡ್ಬೇಕಲ್ವಾ ಸಾರ್."

ದೂರದ ಮಿಲ್ಟನ್ ಊರಿನಲ್ಲಿರುವ ನಮ್ಮ ಬಳಗದ ತನುಶ್ರೀಯೂ ಇದನ್ನೇ ಹೇಳಿದಳು. ನಾನೂ ಸುಮಾರಾಗಿ ಇದನ್ನೇ ಹೇಳಿದೆ. ಎರಡನೆಯವರಾಗಿ ಹೋಗಲು ಗ್ರೇಟರ್ ಟೊರಾಂಟೊದ ಅಷ್ಟೂ ಕನ್ನಡಿಗರು ತುದಿಗಾಲಲ್ಲಿ ನಿಂತಿದ್ದರು. ಮೊದಲನೆಯವರು ಮಾತ್ರ ಸಿಗಲಿಲ್ಲ.

ಆಗ ಟೀವಿಯಲ್ಲಿ ಒಂದು ದೃಶ್ಯ ಬಂತು. ಊರಿನ ದೊಡ್ಡ ಮನುಷ್ಯರು ಚೀನೀ ಹೋಟೆಲುಗಳಿಗೆ ಹೋಗಿ ಕ್ಯಾಮೆರಾದ ಮುಂದೆ ನೂಡಲ್ಸ್ ತಿನ್ನುತ್ತಿದ್ದರು: ನೋಡಿ, ನಾವು ತಿಂದೆವು, ಏನೂ ಆಗಲಿಲ್ಲ, ನೀವೂ ಬನ್ನಿ. ಶಿವಲಿಂಗಪ್ಪನವರು ಸೋಫಾದಿಂದ ಎದ್ದು ನಿಂತರು. ಮೊದಲನೆಯವನು ಸಿಕ್ಕಿದ್ದ.

ಅವರು ನಗರಸಭೆಯ ಕೌನ್ಸಿಲರ್ ಒಬ್ಬರ ಆಫೀಸಿಗೆ ದಿನವೂ ಫೋನು ಮಾಡಿದರು. ಬೆಳಿಗ್ಗೆ ಮಾಡಿದರು, ಊಟವಾದ ಮೇಲೆ ಮಾಡಿದರು, ಆಫೀಸು ಮುಚ್ಚಿದ ಮೇಲೆ ಸಂದೇಶ ಹಿಡಿಯುವ ಮೆಷೀನಿಗೆ ಕಾಲರಾದ ಕಥೆ ಪೂರ್ತಿ ಹೇಳಿದರು. ಕೊನೆಗೆ ಆಫೀಸಿನವರು ಕೈಮುಗಿದು, ಶನಿವಾರ ಮಧ್ಯಾಹ್ನ ಕೌನ್ಸಿಲರ್ ಬಂದು ಖಾನಾವಳಿಯಲ್ಲಿ ರೊಟ್ಟಿ, ಪಕ್ಕದ ಬೇಕರಿಯಲ್ಲಿ ಬನ್ನು ತಿನ್ನುತ್ತಾರೆ, ಟೀವಿಯವರೂ ಬರುತ್ತಾರೆ ಎಂದು ಒಪ್ಪಿದರು. ಇದು ನಿಜಕ್ಕೂ ದೊಡ್ಡ ಕೆಲಸ, ಅವರಲ್ಲದೆ ಬೇರೆ ಯಾರಿಂದಲೂ ಆಗುತ್ತಿರಲಿಲ್ಲ. ಮಿಸೆಸ್ ವಾಂಗ್ ಚಿಲಕ ತೆಗೆದು ಹೊರಗೆ ಬಂದು ರಾಜೇಶ್ವರಿಯ ಕೈ ಹಿಡಿದುಕೊಂಡಳು.

ಟೀವಿಯ ಸುದ್ದಿ ಹಬ್ಬಿದ್ದೇ ನಮ್ಮವರ ಸೋಂಕಿನ ಭಯ ಹಾರಿಹೋಯಿತು. ರಘುನಾಥ ತಾನೇ ಫೋನು ಮಾಡಿ, "ಸಾರ್, ನಾನು ಕೌನ್ಸಿಲರ್ ಪಕ್ಕದಲ್ಲಿ ಕೂತ್ಕೋಬೇಕಾ, ಎದುರುಗಡೆನಾ?" ಎಂದು ಕೇಳಿದ. ಹೆಂಗಸರು ರೇಷ್ಮೆ ಸೀರೆ ಹೊರಗೆ ತೆಗೆದರು. ಈರವ್ವ ಯಾರ ಅಪ್ಪಣೆಗೂ ಕಾಯದೆ ಮತ್ತೆ ಕೆಂಪು ಖಾರ ಕುಟ್ಟಿದಳು. ರಾಜೇಶ್ವರಿ ಎಷ್ಟೋ ದಿನದ ಮೇಲೆ ನಕ್ಕಳು ಎಂದು ನೋಡಿದವರು ಹೇಳಿದರು.

ಇಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು.

ಆದರೆ ಪುರಸಭೆಯಲ್ಲಿ ಕೆಲಸ ಮಾಡಿದ ಮನುಷ್ಯನಿಗೆ ಒಂದು ವಿಷಯ ರಕ್ತದಲ್ಲೇ ಇರುತ್ತದೆ. ನಮ್ಮೂರಿನ ಕಡೆ ರೋಗ ಬಂದರೆ ಬೀದಿಯ ಎರಡೂ ಅಂಚಿಗೆ ಬಿಳಿ ಪುಡಿಯ ಗೆರೆ ಎಳೆಯುತ್ತಾರೆ. ಮಂತ್ರಿ ಬಂದರೂ ಎಳೆಯುತ್ತಾರೆ. ಗಟಾರ ಹಾಗೇ ಇರಲಿ, ಕಸ ಹಾಗೇ ಇರಲಿ, ಆ ಬಿಳಿ ಗೆರೆ ಕಂಡರೆ ಸಾಕು, ಸರ್ಕಾರ ಬಂದು ಹೋಗಿದೆ, ಇನ್ನು ಭಯವಿಲ್ಲ ಎಂದು ಜನ ನೆಮ್ಮದಿಯಾಗಿ ಉಸಿರು ಬಿಡುತ್ತಾರೆ. ಇಲ್ಲಿ ರೋಗವೂ ಬಂದಿದೆ, ದೊಡ್ಡ ಮನುಷ್ಯನೂ ಬರುತ್ತಿದ್ದಾನೆ. ಎರಡೂ ಕೂಡಿ ಬಂದಾಗ ಗೆರೆ ಇಲ್ಲದಿದ್ದರೆ ಹೇಗೆ?

ಶನಿವಾರ ಬೆಳಿಗ್ಗೆ, ಅಂಗಡಿಗಳಿನ್ನೂ ತೆರೆಯುವ ಮುಂಚೆ, ಶಿವಲಿಂಗಪ್ಪನವರು ತೋಟಕ್ಕೆ ಹಾಕುವ ಸುಣ್ಣದ ಪುಡಿಯ ಮೂಟೆಗಳನ್ನು ಕಾರಿನಿಂದ ಇಳಿಸಿದರು. ಬೀದಿಯಿಂದ ಖಾನಾವಳಿಯ ಹೊಸ್ತಿಲವರೆಗೆ ಎರಡು ಗೆರೆ. ದೀಪದ ಕಂಬಗಳ ಸುತ್ತ ಒಂದೊಂದು ವೃತ್ತ. ಬೇಕರಿಯವಳು ಬೇಜಾರು ಮಾಡಿಕೊಳ್ಳಬಾರದೆಂದು ಅವಳ ಬಾಗಿಲಿಗೂ ಧಾರಾಳವಾಗಿ ಒಂದು ರಾಶಿ. ಪುಡಿ ಮೂಗಿಗೆ ಹೋಗದಂತೆ ರಬ್ಬರಿನ ಮುಖವಾಡ ಹಾಕಿಕೊಂಡೇ ಕೆಲಸ ಮಾಡಿದರು. ಆಮೇಲೆ ಕೋಟು ಟೈ ಹಾಕಿಕೊಂಡು ಬರಲು ಮನೆಗೆ ಹೋದರು.

ಪ್ರಾಣ ತೆಗೆಯುವ ಅಂಥ್ರಾಕ್ಸ್ ರೋಗಾಣುವಿನ ಬಿಳಿ ಪುಡಿ ಲಕೋಟೆಯಲ್ಲಿ ಬರುತ್ತದೆಂದು ಇಡೀ ಅಮೆರಿಕ ಖಂಡ ನಡುಗಿ ಎರಡು ವರ್ಷವೂ ಆಗಿರಲಿಲ್ಲ. ಮಿಸೆಸ್ ವಾಂಗ್ ಬನ್ನಿನ ಟ್ರೇ ಹಿಡಿದು ಬಂದಳು. ಮುಖವಾಡ ಹಾಕಿಕೊಂಡ, ಬೆಳಗಿನ ಮಬ್ಬಿನಲ್ಲಿ ದೂರದಿಂದ ಗುರುತು ಸಿಗದ ಒಬ್ಬ ಮನುಷ್ಯ ತನ್ನ ಬಾಗಿಲಿಗೆ ಬಿಳಿ ಪುಡಿ ಸುರಿದು ಕಾರು ಹತ್ತಿ ಹೋದದ್ದನ್ನು ಕಣ್ಣಾರೆ ಕಂಡಳು. ಅವಳು ಪೊಲೀಸರಿಗೆ ಫೋನು ಮಾಡಿದ್ದನ್ನು ಯಾರೂ ತಪ್ಪೆನ್ನುವಂತಿಲ್ಲ.

ನಾವೆಲ್ಲ ರೇಷ್ಮೆ ಸೀರೆ, ಜುಬ್ಬಾ ಧರಿಸಿ ತಲುಪುವ ಹೊತ್ತಿಗೆ ಪ್ಲಾಜಾದ ಸುತ್ತ ಹಳದಿ ಟೇಪು. ಮೂರು ಅಗ್ನಿಶಾಮಕ ಲಾರಿಗಳು, ಪೊಲೀಸರು, ತಲೆಯಿಂದ ಕಾಲಿನವರೆಗೆ ಮುಚ್ಚುವ ಉಡುಪು ತೊಟ್ಟ ಜನ. ಕೌನ್ಸಿಲರರ ಕಾರು ಬೀದಿಯ ತಿರುವಿನವರೆಗೆ ಬಂದು, ಒಂದು ಕ್ಷಣ ನಿಂತು, ಬಂದ ದಾರಿಯಲ್ಲೇ ಹೋಯಿತು. ಟೀವಿಯವರು ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದರು. ಅತ್ತೆ ಸೊಸೆಯರಿಬ್ಬರನ್ನೂ ಪೊಲೀಸರು ಹೊರಗೆ ಕರೆತಂದು ಟೇಪಿನೊಳಗೇ ನಿಲ್ಲಿಸಿದ್ದರು. ಈರವ್ವನ ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. ಅದೂ ಬಿಳಿಯಾಗಿದ್ದರಿಂದ ಒಬ್ಬ ಅಧಿಕಾರಿ ಅವಳ ಕೈಯನ್ನೇ ದಿಟ್ಟಿಸುತ್ತಿದ್ದ.

ಅಷ್ಟರಲ್ಲಿ ಕೋಟು ಟೈ ಧರಿಸಿ ಶಿವಲಿಂಗಪ್ಪನವರು ಬಂದರು. ಲಾರಿಗಳನ್ನು ಕಂಡು ಅವರ ಮುಖ ಅರಳಿತು.

"ಕೌನ್ಸಿಲರ್ ಒಬ್ರು ಬರ್ತೀನಿ ಅಂದ್ರ ಇಷ್ಟ್ ಬಂದೋಬಸ್ತ್ ಮಾಡ್ಯಾರಲ್ಲೋ ರಘುನಾಥ!"

"ಸಾರ್, ಅದು ಬಂದೋಬಸ್ತ್ ಅಲ್ಲ ಸಾರ್. ಯಾರೋ ಪಾಯ್ಸನ್ ಪೌಡರ್ ಹಾಕಿದಾರಂತೆ!"

"ಯಾ ಪೌಡರ್? ಈ ಪೌಡರ್ ಏನು? ಇದನ್ನ ನಾನ ಹಾಕೀನಿ!"

ಇದನ್ನು ಅವರು ಟೇಪಿನ ಕೆಳಗೆ ನುಸುಳುತ್ತ, ಅಭಿಮಾನದಿಂದ, ಇಂಗ್ಲಿಷಿನಲ್ಲೂ ಒಮ್ಮೆ ಹೇಳಿದರು. ಆ ಉಡುಪು ತೊಟ್ಟವರೆಲ್ಲ ಅವರತ್ತ ತಿರುಗಿದರು. ಇದು ಬರೀ ಸುಣ್ಣ, ಚಳಿಗಾಲವೆಲ್ಲ ಹಿಮ ಕರಗಿಸಲು ನೀವು ಬೀದಿಗೆ ಬಿಳಿ ಉಪ್ಪು ಚೆಲ್ಲುತ್ತೀರಿ, ನಾನೇನಾದರೂ ಫೋನು ಮಾಡಿದೆನೇ ಎಂದು ವಾದಿಸಿದರು. ದೂರ ಸರಿದು ನಿಲ್ಲುವಂತೆ ಅಧಿಕಾರಿಗಳು ಕೂಗಿ ಹೇಳಿದರು. ನಮ್ಮ ದೇಶದಲ್ಲಿ ಸುಣ್ಣವನ್ನು ವೀಳ್ಯದೆಲೆಗೆ ಸವರಿಕೊಂಡು ತಿನ್ನುತ್ತೇವೆ, ಬೇಕಾದರೆ ನೋಡಿ ಎಂದರು ಶಿವಲಿಂಗಪ್ಪನವರು. ಯಾರೂ ತಡೆಯುವ ಮುಂಚೆ ಬಗ್ಗಿ, ಒಂದು ಚಿಟಿಕೆ ಎತ್ತಿ, ಕ್ಯಾಮೆರಾದ ಕಡೆ ಮುಖ ಮಾಡಿ ನಾಲಿಗೆಗೆ ಹಚ್ಚಿಕೊಂಡರು.

ಆಮೇಲೆ ನಡೆದದ್ದು ಬೇಗ ನಡೆಯಿತು. ಅವರ ಕೋಟು ಟೈ ಬಿಚ್ಚಿಸಿ, ಏಪ್ರಿಲ್ ಚಳಿಯಲ್ಲಿ ಪೈಪಿನ ನೀರು ಬಿಟ್ಟು ತೊಳೆದು, ಕಂಬಳಿ ಸುತ್ತಿ ಆಂಬುಲೆನ್ಸಿಗೆ ಏರಿಸಿದರು. ಅವರ ಹೆಂಡತಿ ಶೈಲಜಾ ಮಗಳ ಮನೆಗೆ ಹೋಗಿದ್ದರು. ಜೊತೆಗೆ ಯಾರು ಬರುತ್ತೀರಿ ಎಂದು ಆಂಬುಲೆನ್ಸಿನವನು ಕೇಳಿದ. ಆಸ್ಪತ್ರೆ ಎಂಬ ಮಾತು ಕೇಳಿದ್ದೇ ನಮ್ಮ ಬಳಗ ಟೇಪಿನಿಂದ ಹತ್ತು ಹೆಜ್ಜೆ ಹಿಂದಕ್ಕೆ ಹೋಗಿತ್ತು. ಆ ದಿನಗಳಲ್ಲಿ ಆಸ್ಪತ್ರೆಗೆ ಹೋಗುವುದೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು.

"ಹಿರೇರು, ಒಬ್ರನ್ನ ಹೆಂಗ್ ಕಳಸೂದು?" ಎಂದಳು ರಾಜೇಶ್ವರಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಆಂಬುಲೆನ್ಸು ಹತ್ತಿದಳು.

ಸುಣ್ಣದಿಂದ ಶಿವಲಿಂಗಪ್ಪನವರಿಗೆ ನಾಲಿಗೆಯಲ್ಲಿ ಒಂದು ಸಣ್ಣ ಗುಳ್ಳೆ ಎದ್ದದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಅವರನ್ನು ಕೂರಿಸಿದ್ದ ವಾರ್ಡಿನಲ್ಲಿ ಆ ಸಂಜೆಯೇ ಒಬ್ಬ ಸಾರ್ಸ್ ರೋಗಿ ಪತ್ತೆಯಾದ. ಆ ಹೊತ್ತಿನಲ್ಲಿ ಅಲ್ಲಿದ್ದವರೆಲ್ಲ ಹತ್ತು ದಿನ ಮನೆ ಬಿಟ್ಟು ಕದಲಕೂಡದು ಎಂದು ಆರೋಗ್ಯ ಇಲಾಖೆಯವರು ಆದೇಶ ಮಾಡಿದರು. ರಾಜೇಶ್ವರಿಯನ್ನು ಮನೆಯ ಒಂದು ಕೋಣೆಯಲ್ಲಿ ಕೂರಿಸಿದರು. ಮುದುಕಿ ಈರವ್ವ ಒಬ್ಬಳೇ ಅಂಗಡಿ ತೆರೆಯುವ ಮಾತೇ ಇರಲಿಲ್ಲ. ಹಾಗೆ ತೆರೆದಿದ್ದರೂ ಯಾರು ಬರುತ್ತಿದ್ದರು? ಕೋಟು ಟೈಯ ಮುದುಕನೊಬ್ಬ ನೆಲದ ವಿಷ ನೆಕ್ಕುವ ದೃಶ್ಯವನ್ನು ಟೀವಿಯವರು ಎರಡು ದಿನ ತೋರಿಸಿದ್ದರು, ಹಿಂದುಗಡೆ ಖಾನಾವಳಿಯ ಬೋರ್ಡು ಸ್ವಚ್ಛವಾಗಿ ಕಾಣುತ್ತಿತ್ತು. ಪುಡಿ ಬರೀ ಸುಣ್ಣವೆಂದು ಪರೀಕ್ಷೆಯಲ್ಲಿ ಗೊತ್ತಾದದ್ದನ್ನು ತೋರಿಸಲು ಅವರಿಗೆ ಹೊತ್ತು ಸಿಗಲಿಲ್ಲ. ಏಪ್ರಿಲ್ ಕೊನೆಯ ದಿನ ಮಾಲೀಕ ಬಂದು ನೋಡಿದ. ಬಾಗಿಲಿಗೆ ಬೀಗ ಇತ್ತು.

ಶಿವಲಿಂಗಪ್ಪನವರಿಗೆ ಇದಾವುದನ್ನೂ ಯಾರೂ ತಿಳಿಸಲಿಲ್ಲ. ಅವರು ಹತ್ತು ದಿನ ತಮ್ಮ ಮನೆಯ ಮೇಲಿನ ಕೋಣೆಯಲ್ಲಿ ಕುಳಿತು ಖಾನಾವಳಿಯನ್ನು ಮೇಲೆತ್ತುವ ಹೊಸ ಯೋಜನೆ ಹಾಕಿದರು. ಬಿಡುಗಡೆಯಾದ ನಂತರದ ಭಾನುವಾರ ಪ್ಲಾಜಾಕ್ಕೆ ಬಂದರು. ಪಾರ್ಕಿಂಗ್ ತುಂಬಿತ್ತು. ಖಾನಾವಳಿಯ ಬಾಗಿಲಿನಿಂದ ಬೇಕರಿ ದಾಟಿ ಬೀದಿಯವರೆಗೆ ಜನರ ಸಾಲು ನಿಂತಿತ್ತು. ಎಲ್ಲ ನಮ್ಮವರೇ.

ಅವರ ಕಣ್ಣಲ್ಲಿ ನೀರು ಬಂತು. ಸಾಲಿನುದ್ದಕ್ಕೂ ಒಬ್ಬೊಬ್ಬರ ಬೆನ್ನು ತಟ್ಟುತ್ತ ಬಂದರು. "ಬಂದ್ರಿ! ಕಡೀಕ್ ಬಂದ್ರಿ! ನನಗ ಗೊತ್ತಿತ್ತು, ನಮ್ ಮಂದಿ ಕೈ ಬಿಡಂಗಿಲ್ಲ ಅಂತ. ಗದ್ದಲಾ ಮಾಡಬ್ಯಾಡ್ರಿ, ಎಲ್ಲಾರಿಗೂ ರೊಟ್ಟಿ ಸಿಗ್ತಾವ!"

ಯಾರೂ ಅವರ ಮುಖ ನೋಡಲಿಲ್ಲ. ಬಾಗಿಲ ಹತ್ತಿರ ರಘುನಾಥ ಎರಡು ಕುರ್ಚಿಗಳನ್ನು ಒಂದರ ಮೇಲೊಂದಿಟ್ಟು ಹೊತ್ತು ಹೊರಗೆ ಬರುತ್ತಿದ್ದ.

"ಕುರ್ಚಿ ಯಾಕ್ ಹೊರಗ ತರ್ತಿ? ಒಳಗ ಜಾಗಾ ಸಾಲವಲ್ದೇನು?"

"ಸಾರ್..." ಎಂದು ರಘುನಾಥ ಕುರ್ಚಿ ಕೆಳಗಿಟ್ಟ. "ಸಾಮಾನೆಲ್ಲ ಸೇಲ್ ಸಾರ್. ನಾಳೆ ಖಾಲಿ ಮಾಡ್ಬೇಕಂತೆ. ನಾವು ಸಪೋರ್ಟ್ ಮಾಡೋಣ ಅಂತ..."

ಶಿವಲಿಂಗಪ್ಪನವರು ಒಳಗೆ ಹೋದರು. ಮೇಜುಗಳು ಹೋಗಿದ್ದವು, ತಟ್ಟೆಗಳು ಹೋಗಿದ್ದವು. ಗೋಡೆಯ ಗಡಿಯಾರವನ್ನು ಯಾರೋ ಇಳಿಸುತ್ತಿದ್ದರು. ಅಡುಗೆಮನೆಯಲ್ಲಿ ಈರವ್ವ ಒಬ್ಬಳೇ ಏನೂ ನಡೆದಿಲ್ಲವೆಂಬಂತೆ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಪಕ್ಕದಲ್ಲಿ ತನುಶ್ರೀ ಟವೆಲು ಹಿಡಿದು ನಿಂತಿದ್ದಳು. ಆ ದೊಡ್ಡ ಕಬ್ಬಿಣದ ಹಂಚನ್ನು ಅವಳು ಕೊಂಡಿದ್ದಳು.

"ಅಜ್ಜಿ, ಪ್ಲೀಸ್, ಮಿಲ್ಟನ್‌ವರೆಗೂ ಡ್ರೈವ್ ಮಾಡ್ಬೇಕು. ಆಫ್ ಮಾಡಿದ್ರೆ ತಣ್ಣಗಾಗತ್ತೆ," ಎಂದಳು ತನುಶ್ರೀ.

"ಸುಡಾಕತ್ತೇತಿ ತಂಗಿ. ಕಾದ ಹಂಚು ಹೆಂಗ್ ಒಯ್ತಿ?" ಎಂದು ಈರವ್ವ ಇನ್ನೊಂದು ರೊಟ್ಟಿ ಮೇಲೆ ಹಾಕಿದಳು. "ಈ ರೊಟ್ಟಿ ಆಗ್ಲಿ."

ಆ ರೊಟ್ಟಿ ಆಯಿತು. ಉಣ್ಣುವವರು ಯಾರೂ ಇಲ್ಲದ್ದರಿಂದ ಅವಳ ಕೈ ಅಲ್ಲೇ ನಿಂತಿತು. ಶಿವಲಿಂಗಪ್ಪನವರು ಅವಳನ್ನು ನೋಡಿದರು, ಹಂಚನ್ನು ನೋಡಿದರು. ಮನುಷ್ಯ ಗೊಂದಲದವರೇ ಹೊರತು ಕಲ್ಲಲ್ಲ. ಮುಂದೆ ಬಂದು ಅಂಗೈ ಚಾಚಿದರು.

"ಅವ್ವಾ, ನನಗ ಹಾಕ್ರಿ. ಹಸಿವಿ ಆಗೇತಿ."

ತಟ್ಟೆ ಇರಲಿಲ್ಲ. ಹೊರಗೆ ಲೆಕ್ಕ ಬರೆಯುತ್ತಿದ್ದ ರಾಜೇಶ್ವರಿ ಒಳಗೆ ಬಂದು, ರೊಟ್ಟಿಯನ್ನು ಅವರ ಅಂಗೈ ಮೇಲೆ ಹಾಕಿ, ಅದರ ಮೇಲೆ ಕೆಂಪು ಖಾರ ಇಟ್ಟಳು. ನಿಂತುಕೊಂಡೇ ತಿಂದರು. ಮತ್ತೆ ಕೈ ಚಾಚಿದರು. ಮತ್ತೊಂದು ತಿಂದರು. ಮುಖವೆಲ್ಲ ಬೆವರಿತು, ಕೋಟಿನ ಗುಂಡಿ ಬಿಚ್ಚಿದರು, "ಇನ್ನೊಂದು ಹಾಕ್ರಿ" ಎಂದರು. ಆ ವಯಸ್ಸಿಗೆ, ಆ ಹೊಟ್ಟೆಗೆ ಅಷ್ಟು ರೊಟ್ಟಿ ಹೋಗಬಾರದು.

"ಸಾಕ್ರಿ ಕಾಕಾ," ಎಂದಳು ರಾಜೇಶ್ವರಿ. "ನಾ ಏನೂ ಅನ್ನೂದಿಲ್ಲ ನಿಮಗ. ಸಾಕ್ ಮಾಡ್ರಿ."

"ನನಗ ಹಸಿವಿ ಆಗೇತಿ ತಂಗೀ," ಎಂದರು ಅವರು. ಅಂಗೈ ಮತ್ತೆ ಮುಂದೆ ಚಾಚಿದರು. "ಇನ್ನೊಂದು ಹಾಕ್ರಿ."

ಈರವ್ವ ಹಿಟ್ಟಿನ ಡಬ್ಬಿಗೆ ಕೈ ಹಾಕಿದಳು. ಡಬ್ಬಿಯ ತಳವನ್ನು ಬೆರಳಿನಿಂದ ಸುತ್ತ ಗೋರಿದಳು. ಕೈ ಹೊರಗೆ ತೆಗೆದು, ಸೆರಗಿಗೆ ಒರೆಸಿಕೊಂಡು, ಖಾಲಿ ಡಬ್ಬಿಯ ಮುಚ್ಚಳ ಹಾಕಿದಳು.

ರಾಜೇಶ್ವರಿ ಒಲೆ ಆರಿಸಿದಳು. ತನುಶ್ರೀ ಮುಂದೆ ಬರಲಿಲ್ಲ, ಟವೆಲನ್ನು ಕೈಯಲ್ಲೇ ಮಡಿಸತೊಡಗಿದಳು. ನಾನು ನಾಲ್ಕು ಸ್ಟೀಲು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಹಂಚು ತಣ್ಣಗಾಗುವುದನ್ನು ನಾವೆಲ್ಲ ಕಾಯುತ್ತ ನಿಂತೆವು.